ಅಪ್ಪ ನೋಡದ ಚಾನೆಲ್

"ಇನ್ನೂ ಎಷ್ಟು ಹೊತ್ತು ಈ ಗಲಾಟೆ ನೋಡ್ಬೇಕು?" ಎಂದು ಲುಡ್ವಿಕ್ ಮತ್ತೆ ಕೇಳಿದಾಗ ಹಲಿನಾಗೆ ಟೀವಿಯನ್ನೇ ಎತ್ತಿ ಕಿಟಕಿಯಾಚೆ ಎಸೆಯಬೇಕೆನಿಸಿತು. ಟೀವಿಯ ಬದಲು ಅಪ್ಪನನ್ನೇ ಎಸೆದರೂ ಆದೀತು ಎಂದೂ ಅನಿಸಿತು. "ಸ್ವಲ್ಪ ಹೊತ್ತು ಅಪ್ಪ, ಇವತ್ತೊಂದು ದಿನ. ನಿನ್ನ ಹೆಸರಿನ ಸಂತನ ಹಬ್ಬ ಅಲ್ವಾ? ಇದ್ರಲ್ಲಿ ನಿನಗೋಸ್ಕರ ಒಂದು ಬರುತ್ತೆ" ಎಂದಳು.

"ನನಗೋಸ್ಕರ ಏನಾದ್ರೂ ಮಾಡ್ಬೇಕು ಅಂತಿದ್ರೆ ಅದನ್ನ ಆರಿಸು."

ಹಾಡಿಗೆ ಚಿತ್ರ ಕಟ್ಟಿ ಹಗಲೂ ರಾತ್ರಿ ತೋರಿಸುವ ಆ ಹೊಸ ಕೇಬಲ್ ಚಾನೆಲ್ ಶುರುವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಹಾಡು ಹಾಡಿನ ನಡುವೆ ಬಂದು ನಾಲ್ಕು ಮಾತಾಡಿ ಹೋಗುವುದು ಹಲಿನಾಳ ಕೆಲಸ. ತಮಾಷೆಯೆಂದರೆ ಅವಳಿದ್ದ ಮ್ಯಾನ್‌ಹಟನ್ನಿನಲ್ಲೇ ಆ ಚಾನೆಲ್ ಬರುತ್ತಿರಲಿಲ್ಲ. ತನ್ನ ಮುಖ ತಾನು ನೋಡಿಕೊಳ್ಳಬೇಕೆಂದರೂ ನದಿ ದಾಟಿ ಬೇಯೋನ್‌ಗೆ, ಅಪ್ಪನ ಮನೆಗೇ ಬರಬೇಕು. ಅಪ್ಪನೋ, ಜೀವಮಾನವೆಲ್ಲ ಪೋಲಿಷ್ ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸಿದ ಮನುಷ್ಯ. ಮಗಳು ಶಾಲೆಯಲ್ಲಿ ಸಂಗೀತ ಕಲಿಸುವ ಕೆಲಸ ಬಿಟ್ಟು ಇಲ್ಲಿ ಸೇರಿದ ದಿನವೇ, "ಆ ಚಾನೆಲ್ಲನ್ನ ನಾನು ಕಣ್ಣೆತ್ತಿಯೂ ನೋಡಲ್ಲ. ನಮ್ಮನೇಲಿ ಕೇಬಲ್ ಇರೋದು ಬೇಸ್‌ಬಾಲ್ ನೋಡೋಕೆ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಅದಕ್ಕೇ ಹಲಿನಾ ಮೇಲಿನವರ ಕೈಕಾಲು ಹಿಡಿದು, ಇವತ್ತು ಮಧ್ಯಾಹ್ನಕ್ಕೆಂದು ಅವನಿಗೊಂದು ಹಬ್ಬದ ಶುಭಾಶಯವನ್ನು ಮೊದಲೇ ಚಿತ್ರೀಕರಿಸಿಟ್ಟಿದ್ದಳು. ಅಪ್ಪ ಒಮ್ಮೆಯಾದರೂ ನೋಡಲಿ, ನೋಡಿ ಒಂದು ಹೂಂ ಅನ್ನಲಿ. ಅವಳಿಗೆ ಬೇಕಾಗಿದ್ದುದು ಅಷ್ಟೇ.

ತೆರೆಯ ಮೇಲೆ ಮೂವರು ಗಡ್ಡದವರು ಸಮುದ್ರದ ದಂಡೆಯಲ್ಲಿ ಗಿಟಾರ್ ಬಾರಿಸುತ್ತಾ ಕುಣಿಯುತ್ತಿದ್ದರು.

"ಅದ್ರ ವೈರೆಲ್ಲಿ?" ಎಂದ ಲುಡ್ವಿಕ್. "ಕರೆಂಟ್ ಗಿಟಾರು ತಾನೇ? ವೈರನ್ನ ಮರಳಿಗೆ ಚುಚ್ಚಿದ್ದಾರಾ?"

"ಅಪ್ಪ, ಅದು ಸುಮ್ನೆ ಚಿತ್ರಕ್ಕೆ."

"ಬಾಯೊಂದು ಕಡೆ, ಹಾಡೊಂದು ಕಡೆ. ಮದುವೇಲಿ ನಾವು ಹಿಂಗೆ ಮಾಡಿದ್ರೆ ಹೆಣ್ಣಿನ ಕಡೆಯವರು ಊಟಾನೂ ಹಾಕದೆ ಓಡಿಸೋರು."

ಅಷ್ಟರಲ್ಲಿ ಹಾಡು ಮುಗಿದು ಪರದೆಯ ಮೇಲೆ ಹಲಿನಾಳೇ ಬಂದಳು. ಪಟ್ಟೆ ಅಂಗಿ, ಬಾಯ್ತುಂಬ ನಗು. "ಆಹಾ, ಈ ಹುಡುಗಿಯ ದನಿ ಎಷ್ಟು ಇಂಪಾಗಿದೆ, ಅಲ್ವಾ?" ಎಂದಳು.

"ಆ ಮೂರು ಗಡ್ಡದಲ್ಲಿ ಹುಡುಗಿ ಯಾರು?"

ಸೋಫಾದ ಮೇಲಿದ್ದ ಹಲಿನಾಳ ಮೈಯೆಲ್ಲ ಉರಿಯಿತು. ಅವಳ ಮಾತುಗಳನ್ನು ಹಾಡು ತೋರಿಸದೆಯೇ ಮೊದಲೇ ಚಿತ್ರೀಕರಿಸುತ್ತಿದ್ದರು. ಟೇಪುಗಳು ದೂರದ ಇನ್ನೊಂದು ಊರಿಗೆ ಹೋಗಿ, ಅಲ್ಲಿ ಯಾರೋ ಅವನ್ನು ಹಾಡುಗಳ ನಡುವೆ ಸೇರಿಸಿ ಬಿಡುತ್ತಿದ್ದರು. ಚಾನೆಲ್ ಶುರುವಾದ ದಿನದಿಂದ ಅವರು ಹೀಗೇ ಒಂದರ ಬದಲು ಇನ್ನೊಂದನ್ನು ಸೇರಿಸುತ್ತಿದ್ದಾರೆಂದು ಕೇಳಿದ್ದಳು. ಕಣ್ಣಾರೆ ನೋಡಿದ್ದು ಇವತ್ತೇ, ಅದೂ ಅಪ್ಪನ ಪಕ್ಕದಲ್ಲಿ ಕೂತು.

"ಈಗ ಕೆಂಪು ಪ್ಯಾಂಟಿನವನು ಬಂದು ಮಳೇಲಿ ನೆನೀತಾನೆ" ಎಂದು ಲುಡ್ವಿಕ್ ಗೊಣಗಿದ. ಕೆಂಪು ಪ್ಯಾಂಟಿನವನು ಬಂದು ಮಳೆಯಲ್ಲಿ ನೆನೆದ. ಆ ಚಾನೆಲ್‌ನವರ ಹತ್ತಿರ ಇದ್ದುದೇ ಒಂದು ಹಿಡಿ ಹಾಡು. ಬೆಳಗ್ಗಿನಿಂದ ಅವನು ಆಗಲೇ ಒಮ್ಮೆ ನೆನೆದು ಹೋಗಿದ್ದ. ಹೀಗಾಗಿ ಹಲಿನಾ ಆ ಮಾತಿಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಶುಭಾಶಯದ ಹೊತ್ತು ಬಂತು. ಬಂದು ಹೋಯಿತು. ಅಮ್ಮ ರೆಗೀನಾ ಇವತ್ತೆಂದು ಬೇಕರಿ ಕೆಲಸಕ್ಕೆ ರಜೆ ಹಾಕಿ ಮಾಡಿದ್ದ ಆಲೂಗಡ್ಡೆ ಕಡುಬನ್ನು ತಂದಿಟ್ಟು, "ಎಲ್ಲಮ್ಮಾ ನಿನ್ನ ಶುಭಾಶಯ?" ಎಂದು ಕೇಳಿಯೂ ಆಯಿತು. ಹಲಿನಾ ಧಡಕ್ಕನೆ ಎದ್ದು, ಟೇಪು ಹಾಕುವವರಿಗೆ ಫೋನ್ ಮಾಡಿದಳು.

"ನಮ್ಮಪ್ಪನ ಟೇಪ್ ಎಲ್ರೀ?"

"ಅದಾ?" ಆ ಕಡೆಯವನು ಆರಾಮಾಗಿ ಏನನ್ನೋ ಅಗಿಯುತ್ತಿದ್ದ. "ಅದು ಶುಕ್ರವಾರವೇ ಹೋಗ್ಬಿಡ್ತು ಮೇಡಂ. ಬೇರೆ ಟೇಪುಗಳ ಜೊತೆ ಸೇರ್ಕೊಂಡಿತ್ತು. ಬೇಕಾದ್ರೆ ಮುಂದಿನ ವರ್ಷ..."

ಹಲಿನಾ ರಿಸೀವರನ್ನು ಕುಕ್ಕಿದಳು. "ಶುಕ್ರವಾರವೇ ಹೋಯ್ತಂತೆ!" ಎಂದು ಕೂಗಿದಳು. "ಅಪ್ಪ ನುಡಿಸೋದನ್ನ ಕೇಳ್ತಾ ಮೇಜಿನ ಕೆಳಗೆ ಮಲಗ್ತಿದ್ದೆ, ಹಾಡು ಅಂದ್ರೇನು ಅಂತ ಅಲ್ಲೇ ಕಲಿತೆ ಅಂತೆಲ್ಲ ಹೇಳಿದ್ದೆ. ದೇಶಕ್ಕೆಲ್ಲ ಕೇಳಿಸಿದ್ದಾರೆ, ಕೇಳಬೇಕಾದ ಒಬ್ಬನ್ನ ಬಿಟ್ಟು! ಶುಕ್ರವಾರ ನೀನು ಇದನ್ನ ಯಾಕೆ ನೋಡ್ತೀಯ?"

"ಗುರುವಾರ" ಎಂದ ಲುಡ್ವಿಕ್, ಬಾಯ್ತುಂಬ ಕಡುಬು ತುಂಬಿಕೊಂಡು.

"ಏನು?"

"ಶುಕ್ರವಾರ ಅಲ್ಲ. ಗುರುವಾರ."

ಹೇಳಿದ ಮೇಲೆ ಅವನ ಫೋರ್ಕು ಗಾಳಿಯಲ್ಲೇ ನಿಂತಿತು. ರೆಗೀನಾ ಗಂಡನನ್ನೂ ಟೀವಿಯನ್ನೂ ನೋಡಿ, ಸೊಂಟದ ಮೇಲೆ ಕೈಯಿಟ್ಟಳು. ಲುಡ್ವಿಕ್‌ನ ಕಿವಿ ಕೆಂಪಾಗಿತ್ತು. ಅವನು ಮಗಳ ಮೇಲೆ ರೇಗಿದ.

"ನೀನು ನೀಲಿ ಅಂಗಿ ಹಾಕ್ಕೊಂಡಿದ್ದೆ. ಕಾಲರ್ ಒಂದು ಕಡೆ ಒಳಕ್ಕೆ ಮಡಚ್ಕೊಂಡಿತ್ತು. ಅಷ್ಟು ಜನ ಇದ್ದಾರಲ್ಲ ಅಲ್ಲಿ, ಅದನ್ನ ಸರಿಮಾಡೋಕೆ ಒಬ್ಬರಿಗೂ ಕೈ ಬರಲಿಲ್ವಾ?"

ಹಲಿನಾ ಕಣ್ಣೊರೆಸಿಕೊಂಡು, ಬೆಳಗ್ಗಿನಿಂದ ಅವನು ಬೇಡಿಕೊಳ್ಳುತ್ತಿದ್ದ ಹಾಗೆ ಟೀವಿ ಆರಿಸಲು ಕೈ ಚಾಚಿದಳು. ತೆರೆಯ ಮೇಲೆ ಕೆಂಪು ಪ್ಯಾಂಟಿನವನು ಮತ್ತೆ ಬಂದು ಮಳೆಯಲ್ಲಿ ನೆನೆಯುತ್ತಿದ್ದ.

"ಇರ್ಲಿ ಬಿಡು" ಎಂದ ಲುಡ್ವಿಕ್. "ಇವನು ನೆಂದು ಮುಗಿಸಿದ್ಮೇಲೆ ನೀನು ಬರ್ತೀಯ."