ದಿಮ್ಮಿಯ ಮೇಲೆ ಕೂತ ಅಜ್ಜಿ

ಈಗಲೂ ಎಲ್ಲಾದರೂ ಹಸಿ ಬೇವಿನ ಮರ ಕೊಯ್ದ ಕಹಿ ವಾಸನೆ ಮೂಗಿಗೆ ಬಡಿದರೆ, ದಿಮ್ಮಿಯ ಮೇಲೆ ಕೂತು ಎಲೆ ಅಡಿಕೆ ಅಗಿಯುತ್ತಿದ್ದ ನನ್ನ ಅಜ್ಜಿ ಕಣ್ಣಿಗೆ ಬರುತ್ತಾಳೆ.

ಅದು ಯುದ್ಧದ ಕಾಲ. ಪೂರಿಗಾಲಿಯ ನಮ್ಮ ಹಿತ್ತಲಲ್ಲಿ ಗೋಡೆಗೆ ವಾಲಿದ್ದ ಬೇವಿನ ಮರವನ್ನು ಕಡಿದು ಉರುಳಿಸಿದ್ದರು. ಮಧ್ಯಾಹ್ನ ಅದರ ದಿಮ್ಮಿಯನ್ನು ಗಾಡಿಯವರೆಗೆ ಸಾಗಿಸಲು ಅಕ್ಕಪಕ್ಕದವರೂ ಬಂದು ಸೇರಿದ್ದರು. ಹೊಸದಾಗಿ ಮದುವೆಯಾಗಿದ್ದ ಚಿಕ್ಕಪ್ಪ ಹೆಗಲ ವಸ್ತ್ರ ಎಸೆದು, ಮಂಡಿ ಮಡಿಸದೆ ಸೊಂಟವನ್ನಷ್ಟೇ ಬಗ್ಗಿಸಿ, ಒಬ್ಬನೇ ಅದರ ತುದಿಗೆ ಕೈ ಹಾಕಿದ. ಹಿತ್ತಲ ಬಾಗಿಲ ಸಂದಿಯಲ್ಲಿ ಚಿಕ್ಕಮ್ಮನ ಬಳೆ ಸದ್ದಾಯಿತು.

ಅಜ್ಜಿ ಸೀದಾ ಹೋಗಿ ದಿಮ್ಮಿಯ ಮೇಲೆ ಕೂತಳು.

“ಎತ್ಲಾ, ನನ್ನೂ ಸೇರ್ಸಿ ಎತ್ತು.”

“ಏಳವ್ವ, ಜನ ನೋಡ್ತಾವ್ರೆ.”

“ಅದ್ಕೇ ಕೂತಿರೋದು ಕಣ್ಲಾ. ನಾಳೆ ಸ್ವಂಟ ಇಡ್ಕಂಡ್ರೆ ಆ ಜನ ಬಂದು ಎಬ್ಬುಸ್ತಾರಾ? ಕೆಳ್ಗೆ ಗುಂಡ್ನೆ ಕೊಂಬೆ ಕೊಟ್ಟು ಆರೇಲಿ ಮೀಟು. ಎಲ್ರೂ ಮಂಡಿ ಬಗ್ಸಿ ಒಟ್ಗೆ ತಳ್ಳಿ.”

ಚಿಕ್ಕಪ್ಪ ಗೊಣಗುತ್ತಲೇ ಹಾರೆ ತಂದ. ಅಜ್ಜಿ ಎದ್ದು ನಿಂತು “ಐಸಾ!” ಎಂದು ಕೂಗಿದಳು. ದಿಮ್ಮಿ, ಮನೆಗೆ ಹೊರಟ ಎಮ್ಮೆಯಂತೆ, ನಿಧಾನವಾಗಿ ಗಾಡಿಯ ಕಡೆ ಉರುಳಿತು.

ಹರೆಯದಲ್ಲಿ ಇಂಥದ್ದೇ ದಿಮ್ಮಿ ಎತ್ತಲು ಹೋಗಿ ಸೊಂಟದ ಬಲ ಕಳೆದುಕೊಂಡಿದ್ದ ತಾತ, ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದ.

“ಅವತ್ತು ನಾನೆತ್ತುವಾಗ ನೀನ್ಯಾಕೆ ಬಂದು ಕೂತ್ಕಳ್ನಿಲ್ಲ?” ಎಂದ.

ಅಜ್ಜಿ ಸೀರೆಗಂಟಿದ ತೊಗಟೆ ಕೊಡವಿಕೊಂಡಳು.

“ಅವತ್ತು ಬಾಗ್ಲು ಸಂದೀಲಿ ನಿಂತಿದ್ದೋಳು ನಾನೇ ಅಲ್ವಾ,” ಎಂದಳು.