ಅಂಟಿಸಿದ ರಂಗೋಲಿ

ಕಂಪನಿ ಕೆಲಸಕ್ಕೆ ಹೊರಟ ಭಾನು ಬಾಗಿಲಲ್ಲೇ ನಿಂತುಬಿಟ್ಟಳು. ನಿನ್ನೆ ಹೊಸಿಲ ಮುಂದೆ ಅವಳು ಅಂಟಿಸಿದ್ದ ಪ್ಲಾಸ್ಟಿಕ್ ರಂಗೋಲಿಯ ಮೇಲೆ ಅತ್ತೆ ಬೈರಮ್ಮ ಬಗ್ಗಿದ್ದರು. ಕೈಯಲ್ಲಿ ಪುಡಿಯಿರಲಿಲ್ಲ. ಆದರೂ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು. ನಡುಗುವ ಕೈ ಅಚ್ಚಿನ ಎಳೆಗಳ ಮೇಲೆ ಸುತ್ತಿ ಬಳಸಿ ಬರುತ್ತಿತ್ತು.

"ಬಗ್ಗಿದ್ರೆ ಸೊಂಟ ಹಿಡ್ಕೊಂತದೆ ಅತ್ತೆ, ಇನ್ಮೇಲೆ ನೀವು ಹಾಕ್ಬೇಡಿ" ಎಂದಿದ್ದಳು ಭಾನು, ಅಂಟಿಸುವಾಗ. ಸೊಂಟದ ಮಾತು ಬರೀ ನೆಪ. ಅತ್ತೆ ಎಳೆಯುತ್ತಿದ್ದ ಸೊಟ್ಟ ಗೆರೆಗಳನ್ನು ನೋಡಿ ಮೂಕಂಡಪಲ್ಲಿಯ ತಮ್ಮ ಬೀದಿಯ ಹೆಂಗಸರು ನಕ್ಕಾಗ, ಅವಳೂ ಅವರೊಂದಿಗೆ ನಕ್ಕಿದ್ದಳು.

ಭಾನು ಚಪ್ಪಲಿ ಮೆಟ್ಟಿದ ಸದ್ದಿಗೆ ಬೈರಮ್ಮ ಬೆಚ್ಚಿ ನೆಟ್ಟಗಾದರು. ಕದಿಯುವಾಗ ಸಿಕ್ಕಿಬಿದ್ದವರಂತೆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು.

"ಧೂಳು ಕೂತಿತ್ತು ಕಣಮ್ಮ, ಒರೆಸ್ತಿದ್ದೆ ಅಷ್ಟೇ" ಎಂದರು. "ನಾನೇನೂ ಸೊಟ್ಟ ಮಾಡ್ಲಿಲ್ಲ."