ಬೀಗ ಒಡೆದವನು

ಮೂರನೆಯ ಸಲವೂ ಆ ಹೆಸರನ್ನು ಅಳಿಸಿ ಹಾಕಿದ್ದರು.

ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಫೀಫಿ ಮುಷ್ಟಿ ಬಿಗಿದು ಕೂತ. ಅಂತರ್ಜಾಲದ ವಿಶ್ವಕೋಶಕ್ಕೆ ಅವನು ಬರೆದ ಮೊದಲ ಲೇಖನ ಅದು. ತನ್ನೂರು ಕೇಪ್ ಕೋಸ್ಟಿನ ಹೆಸರಾಂತ ಬಟ್ಟೆ 'ಏಡಿಯ ಹೆಜ್ಜೆ'ಯ ಬಗ್ಗೆ. ಕಡುನೀಲಿಯ ಮೇಲೆ, ಏಡಿಗಳು ಓಡಿಹೋದಂತೆ ಬಿಳಿಯ ಗುರುತು. ಲೇಖನದ ಉಳಿದ ಭಾಗವನ್ನು ಯಾರೂ ಮುಟ್ಟಿರಲಿಲ್ಲ. 'ಈ ವಿನ್ಯಾಸ ಅರಾಬಾ ಎಶುನ್ ಅವರದು' ಎಂದಿದ್ದ ಕಡೆ ಮಾತ್ರ ಈಗ 'ಜೋಜೋ ಕ್ವಾನ್ಸಾ ಅವರದು' ಎಂದಿತ್ತು. ಯಾರೋ ಅಪರಿಚಿತ ಸಂಪಾದಕ ಕಾರಣವನ್ನೂ ಬರೆದಿದ್ದ: ಆಧಾರವಿಲ್ಲದ ಹೆಸರು, ತೆಗೆದಿದ್ದೇನೆ.

ಅರಾಬಾ ಫೀಫಿಯ ತಾಯಿ.

ಪಟ್ಟಣದಾಚೆ ಕಡಲ ದಂಡೆಯಲ್ಲಿ ನಾಲ್ಕು ತೆಂಗಿನ ಕಂಬ ನೆಟ್ಟು, ಮೇಲೊಂದು ತಗಡು ಹೊದಿಸಿ, ಅದರಡಿ ಅವಳು ದುಡಿದಳು. ಹಳೆಯ ಹಾಸಿಗೆಯ ಫೋಮು ಕತ್ತರಿಸಿ, ಬ್ಲೇಡಿನಿಂದ ಅಚ್ಚು ಕೆತ್ತಿ, ಕಾದ ಮೇಣದಲ್ಲಿ ಅದ್ದಿ ಬಟ್ಟೆಗೆ ಒತ್ತುತ್ತಿದ್ದಳು. ಸುಟ್ಟು ಸುಟ್ಟು ಬೆರಳ ತುದಿಯ ಗೆರೆಗಳೇ ಮಾಸಿದ್ದವು. ಅವಳು ಸತ್ತಾಗ ಮನೆಮಂದಿಯೆಲ್ಲ ಏಡಿಯ ಹೆಜ್ಜೆಯನ್ನೇ ಉಟ್ಟು ಹೆಣದ ಹಿಂದೆ ನಡೆದರು. ಅದನ್ನು ಊರಿನ ಬಟ್ಟೆ ವ್ಯಾಪಾರಿ ಕ್ವಾನ್ಸಾನ ಅಂಗಡಿಯಿಂದಲೇ ತರಬೇಕಾಯಿತು. ಅಂಚಿನುದ್ದಕ್ಕೂ ಕ್ವಾನ್ಸಾ, ಕ್ವಾನ್ಸಾ, ಕ್ವಾನ್ಸಾ. ಅಮ್ಮನನ್ನು ಮಣ್ಣು ಮಾಡುವಾಗ ಮಗನ ಹೆಗಲ ಮೇಲೆ ಆ ಹೆಸರಿತ್ತು.

"ಮಾನ್ಸಾ ಅಕ್ಕಾ, ಇದು ವಿಶ್ವಕೋಶ ಅಲ್ಲ, ಕಳ್ಳರ ಕೋಶ."

ಗ್ರಂಥಾಲಯದ ಮಾನ್ಸಾ ಹೊಸಬರಿಗೆ ಲೇಖನ ಬರೆಯುವುದನ್ನು ಕಲಿಸುತ್ತಿದ್ದಳು. "ಮೆಲ್ಲಗೆ ಮಾತಾಡು. ಇಲ್ಲಿ ನಿನ್ನ ಸಿಟ್ಟೂ ನಡೆಯಲ್ಲ, ನನ್ನ ಕಣ್ಣೀರೂ ನಡೆಯಲ್ಲ. ಪತ್ರಿಕೆಯಲ್ಲೋ ಪುಸ್ತಕದಲ್ಲೋ ಬಂದಿರ್ಬೇಕು. ಬಂದಿರೋದ್ರಲ್ಲೆಲ್ಲ ಕ್ವಾನ್ಸಾನ ಹೆಸರೇ ಇದೆ."

"ನಮ್ಮಮ್ಮನ ಬಗ್ಗೆ ಯಾರೂ ಬರೆದೇ ಇಲ್ಲವಲ್ಲ!"

"ಅದೇ ಕಷ್ಟ ಕಣೋ. ಯಾರು ಹೇಳಿದ್ದು, ಎಲ್ಲಿ ಬಂದಿದೆ, ತೋರಿಸು. ಆಮೇಲೆ ನಿನ್ನ ಸಾಲನ್ನ ನಾನೇ ಕಾಯ್ತೀನಿ."

ಫೀಫಿ ಕುರ್ಚಿ ಒದ್ದು ಎದ್ದ.

ಮಾರನೆಯ ಬೆಳಿಗ್ಗೆ ಕೊಟೊಕುರಾಬಾ ಮಾರುಕಟ್ಟೆಯಲ್ಲಿ, ಕ್ವಾನ್ಸಾನ ಅಂಗಡಿಯ ಎದುರೇ ನಿಂತು ಗಂಟಲು ಹರಿಯುವಂತೆ ಕೂಗಿದ. "ಎಲ್ಲರೂ ಕೇಳ್ರೋ! ಈ ಕ್ವಾನ್ಸಾ ನಮ್ಮಮ್ಮನ ಕೆಲಸದ ಜಾಗದ ಬೀಗ ಒಡೆದು ಏಡಿ ಅಚ್ಚು ಕದ್ದೋನು! ಇಡೀ ಜಗತ್ತು ಓದೋ ಕಡೆ ಹಾಕ್ತೀನಿ. ಬೀಗ ಒಡೆದ ಕಳ್ಳ ಅಂತಲೇ ಹಾಕ್ತೀನಿ!"

ಹೊಗೆಮೀನಿನ ಬುಟ್ಟಿಯ ಹಿಂದಿನಿಂದ ಒಬ್ಬಳು ನಕ್ಕಳು. "ಏ ಫೀಫಿ, ಅರ್ಧಕ್ಕೆ ಸ್ಕೂಲು ಬಿಟ್ಟೋನು ನೀನು ಕೋಶ ಬರೀತೀಯಾ?"

"ಬರೀತೀನಿ ಅತ್ತೆ. ನಿನ್ನ ಮೀನಿನ ವಾಸನೆಗೂ ಒಂದು ಪುಟ ಇಡ್ತೀನಿ."

ಕ್ವಾನ್ಸಾ ಹೊಟ್ಟೆ ಸವರಿಕೊಳ್ಳುತ್ತ ಹೊರಬಂದ. "ಮಗಾ, ನಿಮ್ಮಮ್ಮ ಇದ್ದಿದ್ರೆ ನಾಚ್ಕೋತಿದ್ಳು."

"ಅವಳಿದ್ದಿದ್ರೆ ನೀವು ನಾಚ್ಕೋತಿದ್ರಿ, ಎಗ್ಯಾ." ಹಿರಿಯರನ್ನು ಕರೆಯುವ ಆ ಮಾತನ್ನು ಫೀಫಿ ಉಗಿದಂತೆ ಹೇಳಿದ.

ದಿನಾ ಅದೇ ಕೂಗು. ಬೇರೆ ಹೊತ್ತಾಗಿದ್ದರೆ ಕ್ವಾನ್ಸಾ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಊರಿನ ಹಿರಿಯರು ಆ ತಿಂಗಳೇ ಅವನನ್ನು ಗೌರವದ ಪೀಠದಲ್ಲಿ ಕೂರಿಸುವವರಿದ್ದರು. ಕಳ್ಳನೆಂಬ ಮಾತು ಅಂಟಿದವನಿಗೆ ಆ ಪೀಠವಿಲ್ಲ. ಹಿರಿಯರಲ್ಲೊಬ್ಬರು ಆಗಲೇ ಕೇಳಿಯೂ ಬಿಟ್ಟಿದ್ದರು: ಏನದು, ಬೀಗದ ಗಲಾಟೆ?

ಮಾನ್ಸಾಗೂ ಸುದ್ದಿ ಮುಟ್ಟಿತು. "ಹುಚ್ಚಾ! ಬೀಗದ ವಿಷಯ ಬರೆದ್ರೆ ನಿನ್ನ ಖಾತೆನೇ ಮುಚ್ಚಿಸ್ತಾರೆ. ಮಾನಹಾನಿ ಕೇಸು ಬೇರೆ. ಆಮೇಲೆ ನಿಮ್ಮಮ್ಮನ ಹೆಸರು ಅಲ್ಲಿ ಯಾವತ್ತೂ ಬರಲ್ಲ."

"ಶನಿವಾರ ಬರ್ತೀನಿ ಅಕ್ಕಾ. ಕಂಪ್ಯೂಟರು ಖಾಲಿ ಇಟ್ಟಿರು."

ಶುಕ್ರವಾರ ಕ್ವಾನ್ಸಾ ಪತ್ರಿಕೆಯಲ್ಲಿ ಬಂದ. ಅರ್ಧ ಪುಟ, ನಗುಮುಖದ ದೊಡ್ಡ ಫೋಟೊ. ಮಾರುಕಟ್ಟೆಯಲ್ಲಿ ಒಬ್ಬ ಡಬ್ಬದ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಓದಿದ:

"ಬೀಗ ಒಡೆದೆನಂತೆ! ಆ ಹೆಂಗಸಿನ ಕೆಲಸದ ಕಡೆ ನಾನು ಕಾಲೇ ಇಟ್ಟವನಲ್ಲ. ಅಚ್ಚು ಕೆತ್ತಿದ ಅರಾಬಾ ಎಶುನ್ ತಾನಾಗಿಯೇ ನನ್ನ ಅಂಗಡಿಗೆ ಬಂದು, ಏಡಿ ಅಚ್ಚನ್ನು ನನ್ನ ಕೈಯಲ್ಲಿಟ್ಟಳು. ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಒಂದು ಮೂಟೆ ಅಕ್ಕಿ ಕೊಟ್ಟು ಕಳಿಸಿದೆ. ಹಸಿದವರಿಗೆ ಅನ್ನ ಹಾಕುವುದು ಕಳ್ಳತನವೇ?"

ಮಾರುಕಟ್ಟೆ ಬಿದ್ದು ಬಿದ್ದು ನಕ್ಕಿತು. ಫೀಫಿ ಹಾದುಹೋಗುವಾಗ ಬಟ್ಟೆ ಅಂಗಡಿಯ ಆಳುಗಳು ಕೂಗಿದರು. "ಏ ಅಕ್ಕಿಮೂಟೆ! ಉಂಡಿದ್ದು ಮರೆತುಹೋಯ್ತಾ?"

ಆ ಅಕ್ಕಿ ಅವನಿಗೆ ನೆನಪಿತ್ತು. ಅನ್ನ ಬಡಿಸುವಾಗ ಅಮ್ಮ ಅವನ ಮುಖ ನೋಡಿರಲಿಲ್ಲ. ಫೀಫಿ ಒಂದು ಪತ್ರಿಕೆ ಕೊಂಡು ಅಂಗಿಯೊಳಗೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ನಡೆದ.

ಶನಿವಾರ ಮಾನ್ಸಾ ಅವನ ಬೆನ್ನ ಹಿಂದೆಯೇ ನಿಂತಳು, ಕೈ ಹಿಡಿದು ತಡೆಯಲು ಸಿದ್ಧಳಾಗಿ. ಫೀಫಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಕಳ್ಳತನದ ಸೊಲ್ಲಿಲ್ಲ. ಬೈಗುಳವಿಲ್ಲ. ಒಂದೇ ಸಾಲು.

'ಏಡಿಯ ಹೆಜ್ಜೆಯ ಅಚ್ಚನ್ನು ಕೆತ್ತಿದವರು ಅರಾಬಾ ಎಶುನ್.' ಅಡಿಯಲ್ಲಿ ಆಧಾರ: ಜೋಜೋ ಕ್ವಾನ್ಸಾ ಅವರ ಹೇಳಿಕೆ, ಶುಕ್ರವಾರದ ಪತ್ರಿಕೆ.

ಮಧ್ಯಾಹ್ನದೊಳಗೆ ಕ್ವಾನ್ಸಾನ ಕಡೆಯವರು ಅದನ್ನು ಅಳಿಸಿದರು. ಅವರು ಕೈ ತೊಳೆದುಕೊಳ್ಳುವಷ್ಟರಲ್ಲಿ ಸಾಲು ಮತ್ತೆ ಬಂದಿತ್ತು. ಹಾಕಿದವನು ಫೀಫಿಯನ್ನು ಮೂರು ಸಲ ಅಳಿಸಿದ್ದ ಅದೇ ಅಪರಿಚಿತ. ಕಾರಣವನ್ನೂ ಬರೆದಿದ್ದ: ಆಧಾರವಿದೆ, ಮುಟ್ಟಬೇಡಿ.

ಮಾನ್ಸಾ ಕನ್ನಡಕ ತೆಗೆದಳು. "ಅಲ್ಲವೋ, ವಾರವಿಡೀ ಬೀಗ ಬೀಗ ಅಂತ ಬಡ್ಕೊಂಡೆ. ಅದನ್ಯಾಕೆ ಬಿಟ್ಟೆ?"

"ಯಾವ ಬೀಗ ಅಕ್ಕಾ? ನಾಲ್ಕು ಕಂಬ, ಮೇಲೊಂದು ತಗಡು. ಅದಕ್ಕೆ ಬಾಗಿಲೇ ಇರಲಿಲ್ಲ."